ನಾನೂರು ವಾಕ್ಯಗಳು

ಮಾರ್ಚ್ 3, ಸೋಮವಾರ

ದಿನ ಗೊತ್ತಾಯಿತು. ಇಪ್ಪತ್ತನೇ ತಾರೀಖು, ಗುರುವಾರ, ಬೆಳಗ್ಗೆ ಏಳಕ್ಕೆ. ಇವರ ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಅರ್ಧ ಉಳಿಸುವ ಹಾಗಿಲ್ಲ ಎಂದರು ಡಾಕ್ಟರು. ಗೆಡ್ಡೆ ಹೋದರೆ ಜೀವಕ್ಕೆ ಭಯವಿಲ್ಲವಂತೆ, ಮಾತು ಮಾತ್ರ ಹೋಗುತ್ತದಂತೆ. "ಮಾತ್ರ" ಎನ್ನುವ ಪದವನ್ನು ಆ ಮನುಷ್ಯ ಎಷ್ಟು ಸಲೀಸಾಗಿ ಬಳಸಿದರು! ನಾನು ತಿದ್ದುವ ಕರಡಿನಲ್ಲಿ ಬಂದಿದ್ದರೆ ಹೊಡೆದು ಹಾಕುತ್ತಿದ್ದೆ.

ಇವರು ಎಂದಿನಂತೆ ತಣ್ಣಗಿದ್ದರು. ಇಪ್ಪತ್ತಾರು ವರ್ಷ ಡ್ರೈವಿಂಗ್ ಕಲಿಸಿದ ಮನುಷ್ಯ. ಪಕ್ಕದ ಸೀಟಿನಲ್ಲಿ ಕುಳಿತವರು ಗೋಡೆಗೆ ಗುದ್ದಲು ಹೊರಟರೂ "ನಿಧಾನ, ಕ್ಲಚ್ ಒತ್ತಿ, ಈಗ ಬ್ರೇಕು" ಎನ್ನುವುದು ಬಿಟ್ಟು ಒಂದು ಸಲವೂ ದನಿ ಎತ್ತಿದವರಲ್ಲ. ಮನೆಯಲ್ಲೂ ಅಷ್ಟೆ. ಮದುವೆಯಾದಾಗಿನಿಂದ ಜಗಳವನ್ನೆಲ್ಲ ನಾನೊಬ್ಬಳೇ ಆಡಿದ್ದೇನೆ.

ಸ್ಪೀಚ್ ಥೆರಪಿಸ್ಟ್ ಮೇಡಂ ಕೊಟ್ಟ ಪಟ್ಟಿಯಲ್ಲಿ ನಾನೂರು ವಾಕ್ಯಗಳಿವೆ. ಅವನ್ನು ಓದಿಸಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಬೇಕು. ಆಪರೇಷನ್ ಆದ ಮೇಲೆ ಇವರು ಟೈಪ್ ಮಾಡಿದ್ದನ್ನು ಒಂದು ಯಂತ್ರ ಇವರದೇ ದನಿಯಲ್ಲಿ ಹೇಳುತ್ತದಂತೆ. ಯಂತ್ರಕ್ಕೆ ಆ ದನಿ ಗೊತ್ತಾಗುವುದು ಈ ವಾಕ್ಯಗಳಿಂದಲೇ. ಇವತ್ತಿಗೆ ಇನ್ನೂರ ಹತ್ತು ಮುಗಿದವು.

ಮಾರ್ಚ್ 5, ಬುಧವಾರ

ಮೇಡಂ ಫೋನು. "ದಿನಾ ಆಗಿದ್ದನ್ನ ದಿನಾ ಕಳಿಸ್ಬಿಡಿ ಅಂದಿದ್ನಲ್ಲ? ಮೊದಲ ದಿನದ ಮೂವತ್ತು ಬಿಟ್ರೆ ಏನೂ ಬಂದಿಲ್ಲ."

"ಕ್ಲೀನ್ ಮಾಡಿ ಒಟ್ಟಿಗೆ ಕಳಿಸ್ತೀನಿ ಮೇಡಂ" ಎಂದೆ.

"ಕ್ಲೀನ್ ಮಾಡೋದೇನೂ ಬೇಡ, ಹೇಗಿದ್ಯೋ ಹಾಗೆ ಕಳಿಸಿ."

ಹೇಗಿದೆಯೋ ಹಾಗೆ ಕಳಿಸುವುದಾದರೆ ನಾನು ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದು ಯಾತಕ್ಕೆ? ಪಠ್ಯಪುಸ್ತಕ ಅಚ್ಚಾಗುವ ಮೊದಲು ನನ್ನ ಮೇಜಿಗೆ ಬರುತ್ತದೆ. ತಪ್ಪಿರುವ ಕರಡು ನನ್ನ ಮೇಜು ದಾಟಿ ಹೋಗಿದ್ದಿಲ್ಲ. ಇವರ ದನಿಯನ್ನು ಕೆಮ್ಮು, ಉಗುಳು ನುಂಗುವ ಸದ್ದು, ಹಿಂದೆ ಫ್ರಿಜ್ಜಿನ ಗರಗರ ಎಲ್ಲ ಸೇರಿಸಿ ಯಾರಿಗೋ ಒಪ್ಪಿಸಿಬಿಡಲೆ? ಜೀವಮಾನವಿಡೀ ಇವರು ಅದೇ ದನಿಯಲ್ಲಿ ಮಾತಾಡಬೇಕು.

ಮೊದಲು ಓದಿದ್ದು ಸರಿಬಾರದೆ ಹದಿನೇಳನೇ ವಾಕ್ಯವನ್ನು ಇವತ್ತು ಮತ್ತೆ ಆರು ಸಲ ಓದಿಸಿದೆ. "ನನಗೆ ಸ್ವಲ್ಪ ನೀರು ಬೇಕು." ಆರನೇ ಸಲಕ್ಕೆ ಇವರು, "ಈಗ ನಿಜವಾಗ್ಲೂ ಬೇಕು" ಎಂದರು. ಆ ಮಾತನ್ನು ಕತ್ತರಿಸಿ ತೆಗೆದೆ.

ಮಾರ್ಚ್ 8, ಶನಿವಾರ

ಇವರು ಬೆಳಗ್ಗೆ ಓದಿ ಮಲಗಿದರು. ಮೈದುನ ಕೆಲಸಕ್ಕೆ ಹೋಗಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಠಿಕಾಣಿ. ಬಿಡುವು ಸಿಕ್ಕರೆ ನನ್ನ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾನೆ. ಕೀಬೋರ್ಡಿನ ಸಂದಿಯಲ್ಲಿ ಗ್ರೀಸು.

ಮಧ್ಯಾಹ್ನ ಕುಳಿತು ಹುಡುಕಿದೆ. ಗರಗರ ತೆಗೆಯುವ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತು. ಹಾಕುವಾಗ ಆಂಟಿವೈರಸ್ಸು ಪರದೆಯ ಮೇಲೆ ಕೆಂಪು ಚೌಕ ತೋರಿಸಿ ಬೇಡ ಎಂದಿತು. "ಇದು ಸುಳ್ಳು ಎಚ್ಚರಿಕೆ, ಐದು ನಿಮಿಷ ಆಂಟಿವೈರಸ್ ಆಫ್ ಮಾಡಿ" ಎಂದು ಆ ಸೈಟಿನಲ್ಲೇ ಬರೆದಿತ್ತು. ಎಷ್ಟು ವಿವರವಾಗಿ, ಒಂದೂ ಅಕ್ಷರ ತಪ್ಪಿಲ್ಲದೆ ಬರೆದಿದ್ದರು! ಆಫ್ ಮಾಡಿ ಹಾಕಿಕೊಂಡೆ. ಚೆನ್ನಾಗಿ ಕೆಲಸ ಮಾಡುತ್ತಿದೆ. ಫ್ರಿಜ್ಜಿನ ಸದ್ದು ಮಾಯ. ಸಂಜೆಯವರೆಗೆ ತೊಂಬತ್ತು ವಾಕ್ಯ ತೊಳೆದಿಟ್ಟೆ.

ಮಾರ್ಚ್ 10, ಸೋಮವಾರ

ನಾನೂರು ಮುಗಿಯಿತು! ಕೊನೆಯ ವಾಕ್ಯ "ಬಾಗಿಲು ಹಾಕಿಕೊಂಡು ಬನ್ನಿ." ಇವರು ಕನ್ನಡಕ ತೆಗೆದಿಟ್ಟು, "ಲೈಸೆನ್ಸ್ ಸಿಕ್ತಾ ಕೆಂಪು ಪೆನ್ನಮ್ಮಾ?" ಎಂದರು. ದನಿ ಮೊದಲಿನಂತಿಲ್ಲ, ಅಂಚು ಹರಿದಿದೆ. ಸಕಾಲಕ್ಕೆ ಮುಗಿಸಿದೆವು. ಇನ್ನು ಅರವತ್ತನ್ನು ಕ್ಲೀನ್ ಮಾಡಿದರೆ ನಾಳೆ ಎಲ್ಲವನ್ನೂ ಕಳಿಸಬಹುದು.

ನಕಲು ಪ್ರತಿಯ ಚಿಂತೆಯೂ ಇಲ್ಲ. ಹೊರಗಿನ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೇನೆ. ಅದರ ಪಾಡಿಗೆ ಅದು ನಕಲು ಮಾಡಿಕೊಳ್ಳುತ್ತದೆ. "ಕೆಲಸ ಆದ ಮೇಲೆ ಬಿಚ್ಚಿಡೇ" ಎಂದು ಇವರು ಒಂದೆರಡು ಸಲ ಹೇಳಿದ್ದರು. ಬಿಚ್ಚಿಟ್ಟರೆ ಮರೆಯುತ್ತೇವೆ, ಸಿಕ್ಕಿಸಿಯೇ ಇದ್ದರೆ ಮರೆಯುವ ಮಾತೇ ಇಲ್ಲ. ಗೇರು, ಬ್ರೇಕು ಬಿಟ್ಟು ಇವರಿಗೇನು ಗೊತ್ತು?

ಮಾರ್ಚ್ 11, ಮಂಗಳವಾರ

ಬರೆದರಾದರೂ ಮನಸ್ಸು ನಿಂತೀತು ಎಂದು ಬರೆಯುತ್ತಿದ್ದೇನೆ.

ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಪರದೆಯೆಲ್ಲ ಕಪ್ಪು. ಮಧ್ಯೆ ಬಿಳಿ ಅಕ್ಷರ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಿದ್ದರೆ ಹಣ ಕಳಿಸಿ, ಎಪ್ಪತ್ತೆರಡು ಗಂಟೆ ಅವಕಾಶ. ಕೆಳಗೆ ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು. ದನಿಯ ಫೋಲ್ಡರು ತೆರೆದೆ. ನಾನೂರು ಫೈಲೂ ಇದ್ದವು, ಒಂದೊಂದರ ಬಾಲಕ್ಕೂ ಅರ್ಥವಿಲ್ಲದ ಅಕ್ಷರ ಅಂಟಿತ್ತು. ಒಂದೂ ತೆರೆಯಲಿಲ್ಲ. ಹೊರಗಿನ ಡಿಸ್ಕು ನೋಡಿದೆ. ಅಲ್ಲೂ ಅದೇ ಬಾಲ.

ಇವರು ಹಿಂದೆ ಬಂದು ನಿಂತಿದ್ದರು. ಓದಿದರು. ಹೆಗಲ ಮೇಲೆ ಕೈ ಇಟ್ಟು, "ಮೊದಲು ಇಂಟರ್ನೆಟ್ ಕಿತ್ತುಹಾಕು" ಎಂದರು, ಪಕ್ಕದ ಸೀಟಿನಿಂದ ಹೇಳುವ ಹಾಗೆಯೇ.

ಆ ಹೊತ್ತಿಗೆ ಮೈದುನ ಹಲ್ಲುಜ್ಜುತ್ತ ಬಂದ. "ಏನಾಯ್ತು ಅತ್ತಿಗೆ?"

ನನ್ನ ಪಿತ್ತ ನೆತ್ತಿಗೇರಿತು. "ಏನಾಯ್ತಾ? ನಿನ್ನ ಇಸ್ಪೀಟಿಂದ ನಿಮ್ಮಣ್ಣನ ದನಿ ಹೋಯ್ತು!"

"ನಾನು ಆ ಆಟ ಬಿಟ್ಟು ಬೇರೇನೂ ಮುಟ್ಟಲ್ಲ ಅತ್ತಿಗೆ. ಅದು ಕಂಪ್ಯೂಟರ್ ಜೊತೆಗೇ ಬಂದಿದ್ದು."

"ಸಿಕ್ಕಿದ್ದೆಲ್ಲ ಒತ್ತೋ ಕೈ ನಿಂದು. ಹನ್ನೊಂದು ವರ್ಷ ಸಾಕಿದ್ದಕ್ಕೆ ಇದಾ?"

ಇನ್ನೂ ಏನೇನೋ ಅಂದೆ, ಬಾಯಿಗೆ ಬಂದಂತೆ. ಅವನು ಬಾಯಿ ತೊಳೆದು, ಬ್ಯಾಗಿಗೆ ನಾಲ್ಕು ಬಟ್ಟೆ ತುಂಬಿಕೊಂಡು ಹೊರಟ. ಇವರು ಬಾಗಿಲ ತನಕ ಹೋಗಿ, "ತಮ್ಮಾ" ಎಂದರು. ದನಿ ಹೊರಡಲಿಲ್ಲ, ಬರೀ ಗಾಳಿ ಬಂತು. ಅವನಿಗೆ ಕೇಳಿಸಿರಲಾರದು.

ಸರಿಯಾಗಿಯೇ ಮಾಡಿದೆ. ಯಾರಾದರೂ ಹೇಳಲೇಬೇಕಿತ್ತು.

ಮಾರ್ಚ್ 12, ಬುಧವಾರ

ಕಂಪ್ಯೂಟರನ್ನೂ ಡಿಸ್ಕನ್ನೂ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಂಗಡಿಯ ಹುಡುಗಿ ಇವರ ಹಳೇ ಶಿಷ್ಯೆ. ಎರಡು ಸಲ ಟೆಸ್ಟಿನಲ್ಲಿ ಫೇಲಾದವಳು. ಇವರು ಇಟ್ಟ ಹೆಸರು ಹಾಫ್ ಕ್ಲಚ್. ಬೋರ್ಡಿನ ಮೇಲೆ ಬೇರೆ ಹೆಸರಿದ್ದರೂ ನಮ್ಮ ಮನೆಯಲ್ಲಿ ಅವಳು ಅದೇ.

ಮೇಜಿನ ತುಂಬ ಸ್ಕ್ರೂ, ಬಿಚ್ಚಿದ ಲ್ಯಾಪ್‌ಟಾಪುಗಳ ಹೊಟ್ಟೆ. ಅವಳು ಪರದೆ ನೋಡಿ ತುಟಿ ಕಚ್ಚಿದಳು. "ರಾನ್ಸಮ್‌ವೇರ್ ಸರ್. ಫೈಲುಗಳನ್ನ ಅಳಿಸಲ್ಲ, ಬೀಗ ಹಾಕಿ ಕೀಲಿ ಇಟ್ಕೊಂಡು ದುಡ್ಡು ಕೇಳತ್ತೆ."

"ವೈರಸ್ಸಾ?" ಎಂದರು ಇವರು.

"ಎಲ್ಲದಕ್ಕೂ ವೈರಸ್ ಅಂದ್ಬಿಡ್ತಾರೆ ಸರ್. ವೈರಸ್ ಒಂದು ಫೈಲಿಗೆ ಅಂಟ್ಕೊಂಡಿರತ್ತೆ, ಅದನ್ನ ತೆರೆದಾಗ ಇನ್ನೊಂದಕ್ಕೆ ಹತ್ತತ್ತೆ. ವರ್ಮ್ ಅಂತಿದೆ, ಅದಕ್ಕೆ ಯಾರೂ ತೆರೆಯೋದೂ ಬೇಡ, ನೆಟ್‌ವರ್ಕಲ್ಲಿ ತಾನೇ ಮನೆಯಿಂದ ಮನೆಗೆ ಹೋಗತ್ತೆ. ಸ್ಪೈವೇರ್ ಸದ್ದಿಲ್ದೆ ಕೂತ್ಕೊಂಡು ನೀವು ಟೈಪ್ ಮಾಡೋ ಪಾಸ್‌ವರ್ಡ್ ನೋಡ್ತಿರತ್ತೆ."

"ಇದು ಹೇಗೆ ಒಳಗೆ ಬಂತು?" ನಾನು ಕೇಳಿದೆ.

"ನಿಮ್ಮಲ್ಲಿ ಬಂದಿರೋದು ಟ್ರೋಜನ್ ಥರ ಕಾಣತ್ತೆ ಆಂಟಿ. ಅದು ಬೀಗ ಮುರಿದು ಬರಲ್ಲ. ಏನೋ ಉಪಯೋಗದ ಸಾಮಾನಿನ ವೇಷದಲ್ಲಿ ಬಾಗಿಲಲ್ಲಿ ನಿಲ್ಲತ್ತೆ, ನಾವೇ ಬಾ ಅಂತ ಕರ್ದು ಕೂರಿಸ್ಕೊಳ್ತೀವಿ. ಆಮೇಲೆ ಅದು ಈ ಬೀಗದವನನ್ನ ಒಳಗೆ ಬಿಡತ್ತೆ."

ದುಡ್ಡು ಕೊಟ್ಟರೆ? ಇಬ್ಬರು ಗಿರಾಕಿಗಳು ಕೊಟ್ಟರಂತೆ. ಒಬ್ಬರಿಗೆ ಅರ್ಧ ಫೈಲು ಬಂತು, ಇನ್ನೊಬ್ಬರಿಗೆ ಮತ್ತೆ ದುಡ್ಡು ಕೇಳಿದರು. "ಕಳ್ಳರ ಮಾತು ನಂಬಿ ನಿಮ್ಮನ್ನ ಕಳಿಸಲಾರೆ ಸರ್. ಬೀಗ ತೆಗೆಯೋ ಉಪಾಯ ಯಾರಾದ್ರೂ ಕಂಡುಹಿಡಿದಿದಾರಾ ನೋಡ್ತೀನಿ. ನಾಳೆವರೆಗೆ ಬಿಡಿ."

ಆಂಟಿವೈರಸ್ ಇತ್ತಲ್ಲ, ಅದೇಕೆ ತಡೆಯಲಿಲ್ಲ ಎಂದು ಇವರು ಕೇಳಿದಾಗ ಅವಳು, "ಅದನ್ನೇ ನೋಡ್ಬೇಕು" ಎಂದಳು. ನಾನು ಹೊರಗೆ ಹೋಗಿ ಆಟೋ ಕರೆದೆ.

ಮಾರ್ಚ್ 13, ಗುರುವಾರ

ಒಬ್ಬಳೇ ಹೋಗಿದ್ದೆ. ಬೀಗ ತೆಗೆಯುವ ಉಪಾಯ ಸದ್ಯಕ್ಕೆ ಇಲ್ಲ. ಡಿಸ್ಕನ್ನು ಹಾಗೇ ಎತ್ತಿಡಿ, ಒಂದೆರಡು ವರ್ಷದಲ್ಲಿ ಸಿಕ್ಕರೂ ಸಿಗಬಹುದು ಎಂದಳು ಹಾಫ್ ಕ್ಲಚ್. ವರ್ಷ! ನಮಗಿರುವುದು ಆರು ದಿನ.

ಆಮೇಲೆ ಅವಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು. "ಆಂಟಿ, ಎಂಟನೇ ತಾರೀಖು ಶನಿವಾರ, ಮಧ್ಯಾಹ್ನ ಮೂರು ಹತ್ತಕ್ಕೆ ಆಂಟಿವೈರಸ್ ಆಫ್ ಆಗಿದೆ. ಮೂರು ಹನ್ನೆರಡಕ್ಕೆ ಸದ್ದು ತೆಗೆಯೋ ಸಾಫ್ಟ್‌ವೇರ್ ಒಂದು ಒಳಗೆ ಬಂದಿದೆ. ಅದೇ ಟ್ರೋಜನ್. ಮೂರು ದಿನ ಸುಮ್ನಿದ್ದು ಕೆಲಸ ಶುರು ಮಾಡಿದೆ. ಅವತ್ತು ಯಾರು ಕೂತಿದ್ರು?"

"ಮನೇಲಿ ಕೇಳ್ತೀನಿ" ಎಂದೆ.

ಅವಳು ತಲೆಯಾಡಿಸಿದಳು. ಮತ್ತೆ ಕೇಳಲಿಲ್ಲ.

ಮನೆಗೆ ಬಂದೆ. ಇವರು ಕಣ್ಣಲ್ಲೇ ಏನಂತೆ ಎಂದರು. ಬೀಗ ತೆಗೆಯಲಾಗದಂತೆ ಎಂದು ಅಷ್ಟೇ ಹೇಳಿದೆ.

ಆ ಸಾಫ್ಟ್‌ವೇರ್ ಚೆನ್ನಾಗಿಯೇ ಕೆಲಸ ಮಾಡಿತ್ತಲ್ಲ. ಒಳ್ಳೆಯದಕ್ಕೆಂದೇ ಹಾಕಿದ್ದು.

ಮಾರ್ಚ್ 14, ಶುಕ್ರವಾರ

ಥೆರಪಿಸ್ಟ್ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗೈಯಗಲದ ರೆಕಾರ್ಡರ್ ಒಂದನ್ನು ಕೊಟ್ಟರು. "ನನ್ನ ಹತ್ರ ಮೊದಲ ದಿನದ ಮೂವತ್ತಿದೆ. ಕಡಿಮೆ ಅಂದ್ರೂ ನೂರೈವತ್ತು ವಾಕ್ಯದಷ್ಟು ದನಿ ಬೇಕು. ದಿನಕ್ಕೆ ಅರ್ಧ ಗಂಟೆ ಮೇಲೆ ಓದಿಸ್ಬೇಡಿ. ಹತ್ತೊಂಬತ್ತರ ಮಧ್ಯಾಹ್ನ ಅಡ್ಮಿಟ್, ಅಷ್ಟರೊಳಗೆ ಕೊಡಿ. ದಿನದ್ದು ದಿನವೇ ಕಳಿಸಿ." ಕೊನೆಯ ಮಾತನ್ನು ನನ್ನ ಮುಖ ನೋಡಿ ಹೇಳಿದರು.

ಹಳೇ ಫೋನುಗಳಲ್ಲಿ ಇವರ ದನಿ ಸಿಕ್ಕೀತೆಂದು ಎಲ್ಲವನ್ನೂ ಹೊರಗೆ ಹಾಕಿ ಹುಡುಕಿದೆ. ಎಂಟು ವರ್ಷದ ವಾಯ್ಸ್ ಮೆಸೇಜುಗಳಲ್ಲಿ ಇವರು ಆಡಿದ್ದು ಎರಡೇ ಮಾತು. "ಹೂಂ", "ಬರ್ತಾ ಇದೀನಿ." ಪ್ರತಿ ಮೆಸೇಜಿಗೂ ನಾನು ಮೂರು ನಿಮಿಷ ಮಾತಾಡಿದ್ದೇನೆ. ನನ್ನ ದನಿಯಲ್ಲಿ ಬೇಕಾದರೆ ಹತ್ತು ಯಂತ್ರ ಮಾಡಬಹುದು.

ಓದಲು ಕೂರಿಸಿದೆ. ದನಿ ಮರಳುಕಾಗದ ಉಜ್ಜಿದ ಹಾಗಿದೆ. ಮೂರನೇ ವಾಕ್ಯಕ್ಕೆ "ಇನ್ನೊಂದ್ಸಲ" ಎಂದೆ. ಒಂಬತ್ತನೆಯದಕ್ಕೂ ಅಂದೆ. ಇವರು ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು. ಅರ್ಧ ಗಂಟೆಯಲ್ಲಿ ಹತ್ತೊಂಬತ್ತು.

ಮಾರ್ಚ್ 16, ಭಾನುವಾರ

ನಿನ್ನೆ ಇಪ್ಪತ್ತೊಂದು, ಇವತ್ತು ಇಪ್ಪತ್ತಾರು. ಒಟ್ಟು ತೊಂಬತ್ತಾರು.

ಐವತ್ತನೇ ವಾಕ್ಯದ ನಡುವೆ ದೊಡ್ಡ ಕೆಮ್ಮು ಬಂತು. ಹಾಳೆ ತಿರುಗಿಸಿದೆ, ಮುಂದಿನದು ಓದಿದರು. ಹೊತ್ತಿಲ್ಲವಲ್ಲ, ಅದಕ್ಕೆ. ಆದ ತಕ್ಷಣ ಮೊಬೈಲಿಗೆ ಹಾಕಿಕೊಂಡು ಕಳಿಸಿದೆ.

ಓದು ಮುಗಿದ ಮೇಲೆ ಇವರು ಮುಂದಿನ ಕೋಣೆಗೆ ಹೋಗಿ ತಮ್ಮನ ಮಂಚದ ಮೇಲೆ ಕುಳಿತಿದ್ದರು. ಅವನಿಗೆ ಫೋನ್ ಮಾಡಿದರಂತೆ, ಎತ್ತಲಿಲ್ಲವಂತೆ. ಲಿಫ್ಟಿನ ಒಳಗಿದ್ದರೆ ಸಿಗ್ನಲ್ ಸಿಗುವುದಿಲ್ಲ ಎಂದೆ. ಭಾನುವಾರ ಅವನಿಗೆ ರಜೆ. ಅದು ಇವರಿಗೂ ಗೊತ್ತು.

ಮಾರ್ಚ್ 17, ಸೋಮವಾರ

ಹದಿನಾಲ್ಕು. ಮಾತು ಮಧ್ಯೆ ಮಧ್ಯೆ ನಿಂತುಹೋಗುತ್ತಿದೆ.

ಹಾಫ್ ಕ್ಲಚ್ ಫೋನ್ ಮಾಡಿ, ಬ್ಯಾಂಕು, ಇಮೇಲು ಎಲ್ಲದರ ಪಾಸ್‌ವರ್ಡುಗಳನ್ನು ಬೇರೆ ಮೊಬೈಲಿನಿಂದ ಬದಲಾಯಿಸಿ, ಆ ಟ್ರೋಜನ್ ಏನೇನು ನೋಡಿದೆಯೋ ಎಂದಳು. ಬದಲಾಯಿಸಿದೆ. ಫೋನಿಡುವ ಮುಂಚೆ, "ಮನೇಲಿ ಕೇಳಿದ್ರಾ ಆಂಟಿ?" ಎಂದಳು. ಕೇಳ್ತಾ ಇದೀನಿ ಎಂದೆ. ಎಂಥ ಉತ್ತರ!

ಮೈದುನನ ಮೇಲೆ ಗೂಬೆ ಕೂರಿಸಿದವಳು ನಾನು. ಇಲ್ಲಿ ಬರೆಯುವುದಕ್ಕೂ ಒಂದು ವಾರ ಬೇಕಾಯಿತು. ಆಪರೇಷನ್ ಆಗಲಿ, ಆಮೇಲೆ ಹೇಳೋಣ, ಈಗ ಇವರ ಮನಸ್ಸು ಕೆಡಿಸುವುದು ಬೇಡ ಎಂದುಕೊಂಡೆ. ಆಮೇಲೆ ಹೇಳಿದರೆ ಇವರು ನನಗೆ ಏನನ್ನೂ ತಿರುಗಿ ಹೇಳಲಾರರು. ಅದು ನನಗೆ ಅನುಕೂಲ ಎಂದೂ ಒಂದು ಗಳಿಗೆ ಅನ್ನಿಸಿತು. ಎಂಥವಳು ನಾನು!

ಮಾರ್ಚ್ 18, ಮಂಗಳವಾರ

ಇವತ್ತಿನದು ಉದ್ದಕ್ಕೆ ಬರೆಯಬೇಕು.

ಹತ್ತು ಗಂಟೆಗೆ ಕುಳಿತೆವು. ರೆಕಾರ್ಡರ್ ಮೇಜಿನ ಮೇಲೆ, ಕೆಂಪು ದೀಪ ಹೊತ್ತಿತ್ತು. ಎರಡು ವಾಕ್ಯ ಆಯಿತು. ಮೂರನೆಯದು "ದಯವಿಟ್ಟು ಕಿಟಕಿ ತೆಗೆಯಿರಿ." ಇವರು ಕಿಟಕಿಯ ತನಕ ಬಂದು ನಿಲ್ಲಿಸಿದರು. ಪಟ್ಟಿ ಕೆಳಗಿಟ್ಟರು.

"ಇನ್ನು ಒಂದೇ ದಿನ. ಇರೋ ಮಾತಲ್ಲಿ ತಮ್ಮನ ಹತ್ರ ನಾಲ್ಕು ಆಡ್ಬೇಕು. ನಾನೇ ಹೋಗ್ತೀನಿ ಅವನಿದ್ದಲ್ಲಿಗೆ. ತಪ್ಪು ಮಾಡಿದಾನೆ, ಹೋಗಲಿ, ನಾನು ಕ್ಷಮಿಸಿದೀನಿ ಅಂತ ಹೇಳ್ಬೇಕು ಅವನಿಗೆ."

ಕ್ಷಮಿಸಿದ್ದೀನಿ ಎನ್ನುವ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ.

"ಅವನಲ್ಲ ರೀ. ನಾನು. ನಿಮ್ಮ ಕೆಮ್ಮು, ಫ್ರಿಜ್ಜಿನ ಸದ್ದು ತೆಗೆಯೋಕೆ ಅಂತ ಏನೋ ಹಾಕ್ದೆ. ಬೇಡ ಅಂತು ಆಂಟಿವೈರಸ್ಸು, ಅದನ್ನ ಆಫ್ ಮಾಡ್ದೆ. ಗುರುವಾರದಿಂದ ಗೊತ್ತು ನನಗೆ."

ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆ ಹರಿದ ಗಂಟಲಿನಿಂದ, ನಾನು ಮೂವತ್ತು ವರ್ಷದಲ್ಲಿ ಕೇಳಿರದ ಒಂದು ದನಿ ಬಂತು.

"ಐದು ದಿನ! ಐದು ದಿನ ನನ್ನ ಪಕ್ಕದಲ್ಲಿ ಕೂತು ಪುಟ ತಿರುಗಿಸ್ತಾ ಇದ್ಯಲ್ಲೇ! ಫೈಲು ಹೋಯ್ತು ಅಂತ ನಾನು ಅತ್ನಾ? ಬೈದ್ನಾ? ಹೋಗ್ಲಿ ಬಿಡು ಅಂದೆ. ದನಿ ಹೋದ್ರೆ ಯಂತ್ರ ತರಬಹುದು, ತಮ್ಮನ್ನ ಎಲ್ಲಿಂದ ತರ್ಲಿ? ಅವನು ಹೋಗುವಾಗ ಹಿಂದೆ ತಿರುಗಿ ನೋಡ್ದ, ನೀನು ನೋಡ್ಲಿಲ್ಲ, ನಾನು ನೋಡ್ದೆ! ಯಾಕೆ? ನಾನೇನು ನಿನ್ನ ನೇಣಿಗೆ ಹಾಕ್ತಿದ್ನಾ? ನನ್ನ ಹತ್ರ ಹೇಳೋಕೆ ನಿನಗೆ ಹೆದ್ರಿಕೆನಾ? ನನ್ನ ಹತ್ರ!"

ರೀ, ಗಂಟಲು, ಸಾಕು ಎಂದೆ.

"ಗಂಟಲಿಗೆ ಬೆಂಕಿ ಬೀಳ್ಲಿ! ನಾಳಿದ್ದು ಹೇಗೂ ಕುಯ್ದು ಬಿಸಾಡ್ತಾರೆ. ಊರಿನ ತಪ್ಪೆಲ್ಲ ತಿದ್ತೀಯ ನೀನು. ನಾನು ಕೆಮ್ಮಿದ್ರೂ ತಪ್ಪು, ಉಸಿರು ಬಿಟ್ರೂ ತಪ್ಪು. ಆರು ಸಲ ನೀರು ಕೇಳಿಸ್ದೆ, ಒಂದ್ಸಲ ನೀರು ಕೊಟ್ಯಾ? ನಿನ್ನದೊಂದು ಸಾಲು ಬಿಟ್ಟು ಎಲ್ಲರ ಸಾಲಿಗೂ ಕೆಂಪು ಗೀಟು!"

ಇನ್ನೂ ಬಹಳ ಇತ್ತು. ಮೂವತ್ತು ವರ್ಷದ್ದೂ ಇತ್ತು. ಎದ್ದು ಕೋಣೆಯೆಲ್ಲ ಓಡಾಡಿದರು, ಕುರ್ಚಿಗೆ ಒದ್ದರು, ಒಂದು ಕಡೆ ತಾವೇ ನಕ್ಕರು, ನಕ್ಕಿದ್ದಕ್ಕೆ ಮತ್ತೆ ಸಿಟ್ಟಾದರು. ದನಿ ಏರಿತು, ಒಡೆಯಿತು, ಪಿಸುಗುಟ್ಟಿತು, ಮತ್ತೆ ಏರಿತು. ಕೊನೆಗೆ ಕುಳಿತು, ನೀರು ಕುಡಿದು, "ಅವನಿಗೆ ಫೋನ್ ಮಾಡು. ನೀನೇ ಮಾಡು" ಎಂದರು.

ಮಾಡಿದೆ. ಎತ್ತಿದ. "ನಾನೇ ಮಾಡಿದ್ದು ಕಣೋ, ನೀನಲ್ಲ. ನಿನ್ನ ಮೇಲೆ ಹಾಕ್ದೆ. ತಪ್ಪಾಯ್ತು" ಎಂದೆ. ಅತ್ತ ಕಡೆ ಯಾವುದೋ ಮೋಟರಿನ ಸದ್ದು. "ಸಂಜೆ ಬರ್ತೀನಿ ಅತ್ತಿಗೆ" ಎಂದ. ಅಷ್ಟೇ. ಅವನೂ ಅಣ್ಣನ ಹಾಗೇ.

ಕಣ್ಣೊರೆಸಿಕೊಂಡು ಮೇಜಿನ ಕಡೆ ನೋಡಿದರೆ ಕೆಂಪು ದೀಪ ಇನ್ನೂ ಹೊತ್ತಿತ್ತು. ಎಲ್ಲವೂ ರೆಕಾರ್ಡ್ ಆಗಿತ್ತು. ಎರಡೂವರೆ ವಾಕ್ಯ, ಆಮೇಲೆ ಹನ್ನೊಂದು ನಿಮಿಷ ಬೈಗುಳ.

ಲೆಕ್ಕ ಸುಲಭ. ನೂರ ಹನ್ನೆರಡು ವಾಕ್ಯವಾಗಿದೆ, ಬೇಕಾದ್ದು ನೂರೈವತ್ತು. ಇವರ ಗಂಟಲಲ್ಲಿ ಇನ್ನು ಸದ್ದಿಲ್ಲ, ನಾಳೆಯೂ ಇರುವ ಹಾಗೆ ಕಾಣುವುದಿಲ್ಲ. ಈ ಹನ್ನೊಂದು ನಿಮಿಷ ಬಿಟ್ಟರೆ ನಮ್ಮ ಹತ್ತಿರ ಇವರ ದನಿ ಬೇರೆಲ್ಲೂ ಇಲ್ಲ. ಕಳಿಸಿದರೆ ನಾನು ಮಾಡಿದ್ದೆಲ್ಲ ಮೇಡಂ ಕೇಳುತ್ತಾರೆ, ಅವರ ಜೊತೆಯವರೂ ಕೇಳುತ್ತಾರೆ. ನನ್ನ ಮಾತಿರುವ ಭಾಗವನ್ನಾದರೂ ಕತ್ತರಿಸಲೇ ಎಂದು ಗುಂಡಿಯ ಮೇಲೆ ಬೆರಳಿಟ್ಟು ಕುಳಿತೆ. ಎಷ್ಟು ಹೊತ್ತೋ ತಿಳಿಯದು. ಇವರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು.

ಕತ್ತರಿಸಲಿಲ್ಲ. ಪೂರ್ತಿ ಕಳಿಸಿದೆ.

ಮಾರ್ಚ್ 19, ಬುಧವಾರ

ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಮೈದುನ ಬಂದ. ಅಣ್ಣ ತಮ್ಮ ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡರು. ಪಿಸುದನಿಯಲ್ಲೋ ಸನ್ನೆಯಲ್ಲೋ ಏನು ಮಾತಾಡಿದರೋ ಗೊತ್ತಿಲ್ಲ. ಕೇಳಲೂ ಇಲ್ಲ. ಹೊರಗೆ ಬಂದಾಗ ಇಬ್ಬರ ಮೂಗೂ ಕೆಂಪಾಗಿತ್ತು.

ಬೆಳಗ್ಗೆ ರೆಕಾರ್ಡರ್ ಹಿಡಿದೆ. ಇವರು ಬಾಯಿ ತೆರೆದರು, ಸದ್ದೇ ಇಲ್ಲ. ಪಟ್ಟಿ ಮಡಚಿಟ್ಟೆ.

ಮಧ್ಯಾಹ್ನ ಮೇಡಂ ವಾರ್ಡಿಗೇ ಬಂದರು. ನನ್ನ ಕಡೆ ಒಂದು ಸಲ ನೋಡಿ ಇವರ ಹತ್ತಿರ ಕುಳಿತರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಸರ್, ಒಂದು ಒಪ್ಪಿಗೆ ಬೇಕು. ಪಟ್ಟಿ ಓದಿದ್ರಲ್ಲಿ ಎಲ್ಲ ಸಾಲೂ ಒಂದೇ ಸಮ ಇದೆ. ನಿನ್ನೆಯದ್ರಲ್ಲಿ ಪ್ರಶ್ನೆ ಇದೆ, ನಗು ಇದೆ, ಏರಿಳಿತ ಇದೆ. ಯಂತ್ರಕ್ಕೆ ಅದರಷ್ಟು ಉಪಯೋಗದ್ದು ಬೇರೆ ಸಿಕ್ಕಲ್ಲ. ಅದನ್ನ ಸೇರಿಸಿದ್ರೆ ನಮಗೆ ಸಾಕಾಗತ್ತೆ. ಆದ್ರೆ ಅದು ಮನೆಯೊಳಗಿನ ಮಾತು. ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ. ಇನ್ನೊಂದು ವಿಷಯ, ಅದೇ ಜಾಸ್ತಿ ಇರೋದ್ರಿಂದ ಯಂತ್ರದ ದನಿಗೂ ಸ್ವಲ್ಪ ಆ ಸಿಟ್ಟಿನ ಬಣ್ಣ ಬರಬಹುದು."

ಇವರು ನನ್ನ ಕಡೆ ಬೆರಳು ತೋರಿಸಿದರು, ಅವಳನ್ನು ಕೇಳಿ ಎನ್ನುವ ಹಾಗೆ.

"ಇರ್ಲಿ ಮೇಡಂ" ಎಂದೆ.

ಇವರು ಕಾಗದದ ಮೇಲೆ ಬರೆದರು, "ಇನ್ನು ಬೈಯುವುದು ಸುಲಭ." ಮೇಡಂ ಜೋರಾಗಿ ನಕ್ಕರು. ಪಕ್ಕದ ಮಂಚದವರು ಎದ್ದು ಕುಳಿತು ನೋಡಿದರು.

ಮಾರ್ಚ್ 20, ಗುರುವಾರ

ಏಳಕ್ಕೆ ಒಳಗೆ ಕರೆದೊಯ್ದರು. ಮೂರೂವರೆಗೆ ಹೊರಗೆ. ಎಲ್ಲ ತೆಗೆದಿದ್ದೇವೆ, ಚೆನ್ನಾಗಿ ಆಗಿದೆ ಎಂದರು ಡಾಕ್ಟರು. ಮೈದುನ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದ. ಗ್ರೀಸಿನ ಕೈ.

ಏಪ್ರಿಲ್ 6, ಭಾನುವಾರ

ಮನೆಗೆ ಬಂದು ನಾಲ್ಕು ದಿನ. ಇವರ ಕತ್ತಿನಲ್ಲಿ ಉಸಿರಾಡಲು ತೂತು, ಅದರ ಆರೈಕೆ ಕಲಿಯುತ್ತಿದ್ದೇನೆ. ಮನೆ ಬಿಕೋ ಎನ್ನುತ್ತದೆ. ಇವರು ಮೊದಲೇ ಮಾತು ಕಡಿಮೆ, ಇದೇನು ಹೊಸದೇ ಎಂದುಕೊಂಡಿದ್ದೆ. ಹೊಸದು. ಕಡಿಮೆ ಇರುವುದು ಬೇರೆ, ಇಲ್ಲದಿರುವುದು ಬೇರೆ. ಕಾಗದದಲ್ಲಿ ಬರೆದು ತೋರಿಸುತ್ತಾರೆ. ಅಕ್ಷರ ತಪ್ಪಿರುತ್ತದೆ, ಹಾಗೇ ಓದಿಕೊಳ್ಳುತ್ತೇನೆ.

ಹಾಫ್ ಕ್ಲಚ್ ಬಂದು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಿಕೊಟ್ಟಳು. ಅಪ್‌ಡೇಟ್ ಬಂದರೆ ನಾಳೆ ಎನ್ನದೆ ಹಾಕಿಕೊಳ್ಳಬೇಕಂತೆ. ನಾವು ದಿನಾ ಕೂರುವ ಅಕೌಂಟಿನಿಂದ ಹೊಸದೇನನ್ನೂ ಇನ್‌ಸ್ಟಾಲ್ ಮಾಡಲು ಆಗದ ಹಾಗೆ ಇಟ್ಟಿದ್ದಾಳೆ. ಅದಕ್ಕೆ ಇನ್ನೊಂದು ಪಾಸ್‌ವರ್ಡ್ ಬೇಕು. "ಅದು ಯಾರ ಹತ್ರ ಇರ್ಲಿ?" ಎಂದಳು. ನಾನು ಮೈದುನನ ಕಡೆ ನೋಡಿದೆ. ಅವನು ಬೇಡ ಅತ್ತಿಗೆ ಎಂದು ನಾಚಿಕೊಂಡ, ಆಮೇಲೆ ನಾನು ಆ ಕಡೆ ತಿರುಗಿದ ಮೇಲೆ ಟೈಪ್ ಮಾಡಿದ. ಹೊಸ ಡಿಸ್ಕು ಭಾನುವಾರ ನಕಲಾದ ತಕ್ಷಣ ಬಿಚ್ಚಿ ಬೀರುವಿಗೆ. ಬಿಚ್ಚುವ ಕೆಲಸವೂ ಅವನದೇ. ಎರಡನೇ ನಕಲು ಅವಳ ಅಂಗಡಿಯಲ್ಲಿ.

ಯಂತ್ರ ನಾಳೆ ನಾಡಿದ್ದರಲ್ಲಿ ಬರುತ್ತದೆ. ಆ ದನಿ ಇವರದೇ ಅನ್ನಿಸದಿದ್ದರೆ ಏನು ಮಾಡುವುದು? ಮೇಡಮ್ಮನ್ನು ಕೇಳಲು ಧೈರ್ಯ ಸಾಲಲಿಲ್ಲ.

ಏಪ್ರಿಲ್ 9, ಬುಧವಾರ

ಬೆಳಗ್ಗೆ ಮೇಡಂ ಯಂತ್ರ ತಂದುಕೊಟ್ಟು, ಇವರಿಗೆ ತೋರಿಸಿಕೊಟ್ಟು ಹೋದರು. ನಾನು ಆಗ ಮುದ್ರಣಾಲಯಕ್ಕೆ ಕರಡು ತಲುಪಿಸಲು ಹೋಗಿದ್ದೆ. ನಿಜ ಹೇಳಬೇಕೆಂದರೆ ಬೇಕೆಂದೇ ಹೋಗಿದ್ದೆ. ಬಂದಾಗ ಇವರು ಸೋಫಾದ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಎರಡು ಬೆರಳಲ್ಲಿ ಕುಟ್ಟುತ್ತಿದ್ದರು. ನಾನು ನೋಡದವಳಂತೆ ಒಳಗೆ ಹೋಗಿ ಪಾತ್ರೆಗೆ ಕೈ ಹಾಕಿದೆ. ನಲ್ಲಿ ಜೋರಾಗಿ ಬಿಟ್ಟುಕೊಂಡೆ.

ತಲೆಯಲ್ಲಿ ನೂರೆಂಟು ಯೋಚನೆ ಓಡುತ್ತಿತ್ತು. ಮಧ್ಯಾಹ್ನದ ಔಷಧಿ, ಕತ್ತಿನ ತೂತಿನ ಮೇಲಿನ ಬಟ್ಟೆ ಬದಲಾಯಿಸುವುದು, ಎಂಟನೇ ಪಾಠದ ಎರಡನೇ ಕರಡು. ಹೊರಗಿನಿಂದ ಕೂಗು ಬಂತು.

"ಎಲ್ಲಿದ್ಯೇ? ಎಷ್ಟು ಹೊತ್ತು?"

"ಬಂದೇ ರೀ! ಯಾಕೆ ಹಾಗೆ ಮೈಮೇಲೆ ಬೀಳ್ತೀರಿ? ಎರಡು ಕೈಲಿ ಎಷ್ಟು ಅಂತ ಮಾಡ್ಲಿ?"

ಅಷ್ಟೂ ಹೇಳಿ ಮುಗಿಸಿ, ಇನ್ನೊಂದು ತಟ್ಟೆ ತೊಳೆದು ಮಗುಚಿಟ್ಟ ಮೇಲೆ ಹೊಳೆಯಿತು, ಕೂಗಿದ್ದು ಯಾರು ಎಂದು. ನಲ್ಲಿಯನ್ನೂ ನಿಲ್ಲಿಸದೆ ಸೋಪಿನ ಕೈಯಲ್ಲೇ ಹೊರಗೆ ಓಡಿದೆ.